ಎಳೆಯರ ಕಣ್ಣಿನ ಪರೀಕ್ಷೆ

ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಗರುಡನಿಂದ ಹೆಸರಾದ ಊರು. ಗರುಡನ ಕಣ್ಣಿನ ಚುರುಕನ್ನು ಹೊಗಳದವರು ನಮ್ಮಲ್ಲಿಲ್ಲ. ಆದರೆ ಮಡಿಲಲ್ಲಿ ಆಡುವ ಕಂದನ ಕಣ್ಣಿಗೆ ಎಷ್ಟು ಕಾಣುತ್ತದೆಂದು ವಿಚಾರಿಸಿದವರೆಷ್ಟು ಮಂದಿ? ಈ ಪ್ರಶ್ನೆಯನ್ನು ತಮ್ಮ ಮುಂದಿಡುವುದೇ ನನ್ನ ಇಂದಿನ ಮಾತಿನ ಉದ್ದೇಶ.

ನೋಡುವುದೂ ಕಲಿಯಬೇಕಾದ ವಿದ್ಯೆಯೇ. ಒಂದು ಕಣ್ಣು ಓರೆಯಾಗಿದ್ದರೆ, ಇಲ್ಲವೇ ಅದರ ನೋಟ ಮಸುಕಾಗಿದ್ದರೆ, ಬೆಳೆಯುತ್ತಿರುವ ಮಿದುಳು ಆ ಕಣ್ಣನ್ನು ಕಡೆಗಣಿಸಿ ಇನ್ನೊಂದನ್ನೇ ನೆಚ್ಚುತ್ತದೆ. ಹೀಗೆ ಮಂದವಾದುದನ್ನು ‘ಸೋಮಾರಿ ಕಣ್ಣು’ ಎನ್ನುತ್ತಾರೆ. ಏಳೆಂಟು ವರ್ಷದೊಳಗೆ ಕನ್ನಡಕವಿತ್ತು, ಅಗತ್ಯವಿದ್ದರೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿದರೆ ಬಹುಮಟ್ಟಿಗೆ ಗುಣವಾಗುತ್ತದೆ. ವಯಸ್ಸು ಮೀರಿದಷ್ಟೂ ಫಲ ಕಡಮೆ. ಮಗುವಾದರೋ ದೂರುವುದಿಲ್ಲ. ತನಗೆ ಕಂಡಷ್ಟೇ ಲೋಕವೆಂದು ಅದು ನಂಬಿರುತ್ತದೆ. ಆದುದರಿಂದ ಹುಡುಕುವ ಹೊಣೆ ಹಿರಿಯರದು.

ಹಸುಗೂಸಿನ ಪಾಪೆಯೊಳಕ್ಕೆ ವೈದ್ಯರು ಬೆಳಕು ಹಾಯಿಸಿದಾಗ ಎರಡೂ ಕಡೆ ಸಮನಾದ ಕೆಂಪು ಹೊಳಪು ಕಾಣಬೇಕು. ಬಿಳಿಯ ಹೊಳಪು ಕಂಡರೆ ಪೊರೆಯೋ ಗಡ್ಡೆಯೋ ಇರಬಹುದು, ತಡಮಾಡುವಂತಿಲ್ಲ. ಮೂರು ತಿಂಗಳು ತುಂಬಿದ ಕೂಸು ತಾಯಿಯ ಮುಖವನ್ನು ದಿಟ್ಟಿಸಿ, ಚಲಿಸುವ ವಸ್ತುವನ್ನು ಹಿಂಬಾಲಿಸಬೇಕು. ಒಂದೊಂದಾಗಿ ಕಣ್ಣು ಮುಚ್ಚಿ ನೋಡಿರಿ: ಒಂದನ್ನು ಮುಚ್ಚಿದಾಗ ಸುಮ್ಮನಿದ್ದು, ಮತ್ತೊಂದನ್ನು ಮುಚ್ಚಿದಾಗ ಕೈ ತಳ್ಳಿ ಅತ್ತರೆ, ತೆರೆದಿರುವ ಕಣ್ಣಿಗೆ ಸರಿಯಾಗಿ ಕಾಣದೆಂದು ಶಂಕಿಸಬೇಕು.

ಹಾಲೆಂಡಿನ ಸ್ನೆಲೆನ್ 1862ರಲ್ಲಿ ರೂಪಿಸಿದ ಅಕ್ಷರಫಲಕವನ್ನು 6 ಮೀಟರ್ ದೂರದಿಂದ ಓದುವುದು ರೂಢಿ. ಅಕ್ಷರ ಬಾರದ ಎಳೆಯರಿಗೆ ಬೇರೆ ಉಪಾಯಗಳಿವೆ. ಮೂರು ಹಲ್ಲಿನ ಬಾಚಣಿಗೆಯಂತಿರುವ ಇಂಗ್ಲಿಷಿನ ‘ಇ’ ಅಕ್ಷರ ಯಾವ ಕಡೆಗೆ ತಿರುಗಿದೆಯೆಂದು ಮಗು ಬೆರಳುಗಳಿಂದ ತೋರಿಸಿದರೆ ಸಾಕು. ಫಿನ್ಲೆಂಡಿನ ವೈದ್ಯೆ ಲೇಯಾ ಹ್ಯೂವಾರಿನೆನ್ ಸೇಬು, ಮನೆ, ವೃತ್ತ, ಚೌಕಗಳ ಫಲಕವನ್ನು ರೂಪಿಸಿದರು. ಮೂರು ವರ್ಷದ ಮಗು ಹೆಸರು ಹೇಳಬೇಕಾಗಿಲ್ಲ; ಕೈಯಲ್ಲಿರುವ ಚೀಟಿಯ ಚಿತ್ರವನ್ನು ಹೋಲಿಸಿ ತೋರಿಸಬಹುದು. ಚಿಕ್ಕವರ ಗಮನ ಚದುರದಿರಲೆಂದು ಇದನ್ನು 3 ಮೀಟರ್ ದೂರದಲ್ಲಿಡುವುದುಂಟು. ಅಂಗನವಾಡಿಯ ಪಡಸಾಲೆಯೇ ಇದಕ್ಕೆ ಸಾಕು. ಯಾವ ವಿಧಾನವಾದರೂ ಒಂದೊಂದು ಕಣ್ಣನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು. ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣು ಸೋಮಾರಿಯ ಗುಟ್ಟನ್ನು ಮುಚ್ಚಿಡುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸಂಚಾರಿ ವೈದ್ಯತಂಡವು ವರ್ಷಕ್ಕೆರಡು ಬಾರಿ ಅಂಗನವಾಡಿಗಳಿಗೂ ಒಮ್ಮೆ ಸರ್ಕಾರಿ ಶಾಲೆಗಳಿಗೂ ಭೇಟಿ ಕೊಡಬೇಕೆಂಬ ನಿಯಮವಿದೆ. ಆ ದಿನ ಮಗುವನ್ನು ತಪ್ಪದೆ ಕಳುಹಿಸುವುದು ತಾಯ್ತಂದೆಯರ ಕರ್ತವ್ಯ.

ಆದರೆ ತಪಾಸಣೆಯೇ ಚಿಕಿತ್ಸೆಯಲ್ಲ. ಕನ್ನಡಕ ಹಾಕಿದ ಹುಡುಗಿಗೆ ಗಂಡು ಸಿಕ್ಕೀತೇ ಎಂಬ ಅಂಜಿಕೆಯಿಂದ ವೈದ್ಯರ ಚೀಟಿ ಗೂಡು ಸೇರಿದರೆ ಎಲ್ಲ ಶ್ರಮವೂ ವ್ಯರ್ಥ. ಮದುವೆಯ ಮಾತಿಗೆ ಇನ್ನೂ ಹದಿನೈದಿಪ್ಪತ್ತು ವರ್ಷವಿದೆ. ಕಣ್ಣಿಗೆ ಉಳಿದಿರುವ ಗಡುವು ಮೂರೋ ನಾಲ್ಕೋ ವರ್ಷ ಮಾತ್ರ.