ಗಡಿ ದಾಟಿದ ಸಿಮ್ಮು

ಪಾವಗಡದ ಕಡೆಯವರಿಗೆ ರೋಮಿಂಗ್ ಎಂದರೇನು ಅಂತ ಯಾರೂ ಪಾಠ ಮಾಡಬೇಕಾಗಿರಲಿಲ್ಲ. ಮೂರು ದಿಕ್ಕಿಗೂ ಆಂಧ್ರ ಸುತ್ತಿಕೊಂಡಿರುವ ತಾಲ್ಲೂಕು ಅದು. ಹತ್ತು ಹನ್ನೆರಡು ವರ್ಷದ ಹಿಂದೆ ಗಡಿಯಂಚಿನ ಹೊಲದಲ್ಲಿ ಇತ್ತ ನಿಂತರೆ ಕರ್ನಾಟಕದ ಟವರು, ನಾಲ್ಕು ಹೆಜ್ಜೆ ಅತ್ತ ಹೋದರೆ ಆಂಧ್ರದ ಟವರು. ಸ್ವಾಗತದ ಮೆಸೇಜು ಟಿಣ್ ಎಂದು ಬರುತ್ತಿತ್ತು, ಅದರ ಹಿಂದೆಯೇ ಕರೆನ್ಸಿ ಕರಗುತ್ತಿತ್ತು. ಮನುಷ್ಯ ನಿಂತಿರುವುದು ತನ್ನದೇ ಹೊಲದಲ್ಲಿ, ಅವನ ಫೋನು ಮಾತ್ರ ಪರರಾಜ್ಯಕ್ಕೆ ಹೋಗಿಬಿಟ್ಟಿದೆ! ಶಿರಾ, ಮಧುಗಿರಿ ತಾಲ್ಲೂಕುಗಳ ಮೂಡಲ ಅಂಚಿನಲ್ಲೂ ಇದೇ ಪಾಡು. ಅಲ್ಲಿ ಎಳೆದುಕೊಳ್ಳುತ್ತಿದ್ದುದು ಮಡಕಶಿರಾ ಸೀಮೆಯ ಟವರು. ಬಂದ ಕರೆ ಎತ್ತಿದರೂ ದುಡ್ಡು ಹೋಗುತ್ತಿದ್ದ ಕಾಲ. 2015ರ ಮೇ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ದೇಶದೊಳಗಿನ ರೋಮಿಂಗ್ ದರದ ಮಿತಿಯನ್ನು ಇಳಿಸಿತು. ಅದೇ ವರ್ಷ ಜೂನ್ 15ರಿಂದ ಬಿಎಸ್ಸೆನ್ನೆಲ್ ಒಳಬರುವ ಕರೆಗಳನ್ನು ಪುಕ್ಕಟೆ ಮಾಡಿತು. ಮುಂದೆ ಖಾಸಗಿ ಕಂಪನಿಗಳೂ ಅದೇ ದಾರಿಗೆ ಬಂದವು. ಈಗಿನ ಹುಡುಗರಿಗೆ ಈ ಕಥೆ ಹೇಳಿದರೆ ನಗುತ್ತಾರೆ.

ಆದರೆ ದೇಶದ ಗಡಿ ದಾಟಿದರೆ ಆ ಹಳೆಯ ಕಥೆ ಹೊಸದಾಗಿ ಶುರುವಾಗುತ್ತದೆ. ಶಿರಾ ತಾಲ್ಲೂಕಿನ ಮದಲೂರಿನಂಥ ಊರಿನಿಂದಲೂ ಈಗ ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ, ಮಗನನ್ನು ನೋಡಿಬರಲು ದುಬೈಗೆ, ಯಾತ್ರೆಗೆ ಅಂತ ನೇಪಾಳಕ್ಕೆ ಹೋಗುವವರಿದ್ದಾರೆ. ದೇವನಹಳ್ಳಿಯ ವಿಮಾನ ನಿಲ್ದಾಣದವರೆಗೆ ಕರೆದೊಯ್ಯಲು ಕಾರಿದೆ, ನೆಂಟರಿದ್ದಾರೆ. ಆಮೇಲೆ ಕೈಯಲ್ಲಿರುವುದು ಫೋನೊಂದೇ. ಅದು ಸುಮ್ಮನಾಯಿತೆಂದರೆ ಹೊರಟವರಿಗಿಂತ ಊರಲ್ಲಿ ಉಳಿದವರ ಎದೆ ಹೆಚ್ಚು ಹೊಡೆದುಕೊಳ್ಳುತ್ತದೆ.

ಮೊದಲು ಆ ಸಿಮ್ಮು ಮಾಡುವ ಕೆಲಸ ನೋಡೋಣ. ಉಗುರಿನಷ್ಟು ಅಗಲದ ಆ ಚೂರಿನೊಳಗೆ ಸಾಮಾನ್ಯವಾಗಿ 15 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಐಎಂಎಸ್‌ಐ ಎಂದು ಅದರ ಹೆಸರು. ಅದು ನಮ್ಮ ಹತ್ತಂಕಿಯ ಫೋನ್ ನಂಬರಲ್ಲ. ಅದನ್ನು ನಾವು ನೋಡುವುದೂ ಇಲ್ಲ. ಮೊದಲ ಮೂರು ಅಂಕಿ ದೇಶದ್ದು. ಭಾರತಕ್ಕೆ 404 ಮತ್ತು 405, ನೇಪಾಳಕ್ಕೆ 429, ದುಬೈ ಇರುವ ಸಂಯುಕ್ತ ಅರಬ್ ಸಂಸ್ಥಾನಕ್ಕೆ 424. ಅದರ ಮುಂದಿನ ಅಂಕಿಗಳು ಕಂಪನಿಯವು, ನಮ್ಮಲ್ಲಿ ವಲಯವನ್ನೂ ಅವೇ ಹೇಳುತ್ತವೆ. ಬಿಎಸ್ಸೆನ್ನೆಲ್ಲಿನ ಕರ್ನಾಟಕ ವಲಯಕ್ಕೆ 71, ಆಂಧ್ರ ವಲಯಕ್ಕೆ 73. ಪಾವಗಡದ ರೈತನ ಫೋನನ್ನು ಆಚೆಕಡೆಯ ಟವರು ‘ಇದು ನಮ್ಮದಲ್ಲ’ ಎಂದು ಗುರುತಿಸುತ್ತಿದ್ದುದು ಈ ಅಂಕಿಗಳಿಂದಲೇ.

ಹೊಸಬರು ಊರಿಗೆ ಬಂದರೆ ಅರಳಿಕಟ್ಟೆಯಲ್ಲಿ ಕೂತವರು ಕೇಳುವುದೇನು? ‘ಯಾವೂರು, ಯಾರ ಪೈಕಿ?’ ವಿಮಾನ ಇಳಿದು ಫೋನ್ ಹಚ್ಚಿದ ಕೂಡಲೇ ಪರದೇಶದ ಟವರು ಕೇಳುವುದೂ ಅದನ್ನೇ. ಸಿಮ್ಮು ತನ್ನ ಅಂಕಿ ಹೇಳುತ್ತದೆ. ಆ ಟವರಿನ ಕಂಪನಿ ಕೂಡಲೇ ನಮ್ಮ ಕಂಪನಿಗೆ ವಿಚಾರಿಸುತ್ತದೆ: ಇಂಥವರು ನಿಮ್ಮವರೇನು, ಒಳಗೆ ಬಿಡೋಣವೇನು? ಇಲ್ಲಿಂದ ಒಂದು ಒಗಟು ಹೋಗುತ್ತದೆ. ಅದನ್ನು ಬಿಡಿಸುವ ಗುಟ್ಟಿನ ಕೀಲಿ ಇರುವುದು ಎರಡೇ ಕಡೆ, ಕಂಪನಿಯ ದಫ್ತರದಲ್ಲಿ ಮತ್ತು ನಿಮ್ಮ ಸಿಮ್ಮಿನ ಹೊಟ್ಟೆಯಲ್ಲಿ. ಕೀಲಿ ಹೊರಗೆ ಬರುವುದಿಲ್ಲ, ಉತ್ತರ ಮಾತ್ರ ಬರುತ್ತದೆ. ಉತ್ತರ ತಾಳೆಯಾದರೆ ನಮ್ಮ ಕಂಪನಿ ಜಾಮೀನು ನಿಂತಂತಾಯಿತು. ಇಷ್ಟೂ ಮುಗಿಯಲು ಸಾಮಾನ್ಯವಾಗಿ ಕೆಲವು ಸೆಕೆಂಡು ಸಾಕು. ಅತಿಥಿ ಎಷ್ಟು ಬಳಸಿದ ಎಂಬ ಲೆಕ್ಕವನ್ನು ಆ ಕಂಪನಿ ಆಮೇಲೆ ಇಲ್ಲಿಗೆ ಕಳಿಸುತ್ತದೆ, ಇಲ್ಲಿಯವರು ನಮ್ಮಿಂದ ವಸೂಲು ಮಾಡುತ್ತಾರೆ. ಹಾಗಾಗಿ ಊರಲ್ಲಿದ್ದಾಗಲೇ ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿರಬೇಕು. ಇಲ್ಲವಾದರೆ ‘ಯಾರ ಪೈಕಿ’ ಎಂಬ ಪ್ರಶ್ನೆಗೆ ಇಲ್ಲಿಂದಲೇ ‘ಬಿಡಬೇಡಿ’ ಎಂಬ ಉತ್ತರ ಹೋಗುತ್ತದೆ.

ಇನ್ನು ಡೇಟಾ. ಇದನ್ನು ಮದಲೂರಿನವರಿಗೆ ಕೆರೆಯ ಲೆಕ್ಕದಲ್ಲೇ ಹೇಳಬಹುದು. ಹೇಮಾವತಿಯ ನೀರು ಹಾಸನ ಜಿಲ್ಲೆಯ ಗೊರೂರಿನಿಂದ ಹೊರಟು, ನಾಲೆಯಲ್ಲಿ ಹರಿದು, ಕಳ್ಳಂಬೆಳ್ಳದ ಕೆರೆ, ಶಿರಾದ ಕೆರೆ ಕಂಡು ಆಮೇಲೆ ಮದಲೂರು ಕೆರೆಗೆ ಬರಬೇಕು. ಆ ನೀರಿಗಾಗಿ ಎಷ್ಟು ವರ್ಷ ಕೂಗಾಡಿದ್ದಾಯಿತು, 2020ರ ಶಿರಾ ಉಪಚುನಾವಣೆಯಲ್ಲಿ ಅದೇ ಎಷ್ಟು ದೊಡ್ಡ ಮಾತಾಯಿತು ಎಂಬುದು ಊರಿಗೆಲ್ಲ ಗೊತ್ತು. ರೋಮಿಂಗಿನ ಡೇಟಾ ಬರುವುದೂ ಹೆಚ್ಚಾಗಿ ಇಂಥದೇ ಸುತ್ತುಬಳಸಿನ ದಾರಿಯಲ್ಲಿ. ಅಮೆರಿಕದ ಡಲ್ಲಾಸಿನಲ್ಲಿ ಕೂತು ನಿಮ್ಮ ಇಲ್ಲಿಯ ಸಿಮ್ಮಿನಿಂದ ಒಂದು ಪುಟ ತೆರೆದಿರಿ ಎನ್ನಿ. ಆ ಕೋರಿಕೆ ಅಲ್ಲಿಯ ಟವರಿನಿಂದ ಸಮುದ್ರ ದಾಟಿ ಭಾರತದ ನಿಮ್ಮ ಕಂಪನಿಗೆ ಬಂದು, ಇಲ್ಲಿಂದ ಇಂಟರ್ನೆಟ್ಟಿಗೆ ಇಳಿದು, ಉತ್ತರ ಹೊತ್ತು ಮತ್ತೆ ಡಲ್ಲಾಸಿಗೆ ಹೋಗುತ್ತದೆ. ಪಕ್ಕದ ಕೋಣೆಯಲ್ಲಿರುವ ಮಗಳಿಗೆ ವಿಡಿಯೋ ಕಾಲ್ ಮಾಡಿದರೂ ಮಾತು ಅರ್ಧ ಭೂಮಿ ಸುತ್ತಿ ಬರುತ್ತದೆ. ಚಿತ್ರ ತಡವರಿಸುವುದಕ್ಕೂ ದರ ಏರುವುದಕ್ಕೂ ಈ ಸುತ್ತಾಟದ ಪಾಲಿದೆ. ನಡುವೆ ತೂಬು ಕಾಯುವ ಕಂಪನಿಗಳೆಲ್ಲ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಯುರೋಪಿನ ಒಕ್ಕೂಟದ ದೇಶಗಳು ತಮ್ಮತಮ್ಮೊಳಗೆ ಈ ಹೆಚ್ಚುವರಿ ವಸೂಲಿಯನ್ನು 2017ರ ಜೂನ್ 15ರಿಂದ ತೆಗೆದುಹಾಕಿದವು. ಆ ಸವಲತ್ತು ಅಲ್ಲಿಯ ಸಿಮ್ಮಿಗೆ, ನಮ್ಮ ಸಿಮ್ಮಿಗಲ್ಲ.

ಸುತ್ತುದಾರಿಯಿಂದ ಒಂದು ಲಾಭವೂ ಉಂಟು. ಚೀನಾದಲ್ಲಿ ವಾಟ್ಸಾಪ್, ಗೂಗಲ್ ಎರಡಕ್ಕೂ ತಡೆ ಇದೆ. ಆದರೆ ಭಾರತದ ಸಿಮ್ಮಿನ ರೋಮಿಂಗ್ ಡೇಟಾ ಮನೆಗೆ ಬಂದು ಹೋಗುವುದರಿಂದ ಅವು ಸಾಮಾನ್ಯವಾಗಿ ನಡೆಯುತ್ತವೆ. ದುಬೈ ಕಥೆ ಬೇರೆ. ಅಲ್ಲಿಯ ಸಿಮ್ಮು, ವೈಫೈಗಳಲ್ಲಿ ವಾಟ್ಸಾಪ್ ಮೆಸೇಜು ಹೋಗುತ್ತದೆ, ವಾಟ್ಸಾಪ್ ಕರೆಗೆ ಅನುಮತಿ ಇಲ್ಲ. ಬೋಟಿಮ್‌ನಂಥ ಅಲ್ಲಿ ಒಪ್ಪಿದ ಆ್ಯಪ್ ಬೇಕು. ಮಗ ದುಬೈಗೆ ಇಳಿದ ದಿನ ವಾಟ್ಸಾಪ್ ಕರೆ ತಾಗಲಿಲ್ಲವೆಂದು ಗಾಬರಿ ಬೀಳಬೇಡಿ.

ಹಾಗಾದರೆ ಹೊರಡುವವರು ಮಾಡಬೇಕಾದ್ದೇನು? ನಾಲ್ಕು ದಿನದ ಯಾತ್ರೆಯಾದರೆ ನಿಮ್ಮ ಕಂಪನಿಯದೇ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡು ನೆಮ್ಮದಿಯಾಗಿರಿ. ಉಳಿತಾಯಕ್ಕಿಂತ ತಲೆನೋವಿಲ್ಲದ್ದು ಮೇಲು. ಪ್ಯಾಕ್ ಇಲ್ಲದೆ ಡೇಟಾ ಹಚ್ಚಿದರೆ ಕಿಲೋಬೈಟ್ ಲೆಕ್ಕದಲ್ಲಿ ಕೊಯ್ಯುತ್ತಾರೆ. ಆರು ತಿಂಗಳ ಬಾಣಂತನವಾದರೆ ಅಲ್ಲಿಯದೇ ಸಿಮ್ಮು ಬೇಕೇ ಬೇಕು. ಅಮೆರಿಕದಲ್ಲಿ ಮಕ್ಕಳು ತಮ್ಮ ಕುಟುಂಬದ ಪ್ಲಾನಿಗೆ ಅಪ್ಪ ಅಮ್ಮನ ಹೆಸರಲ್ಲಿ ಒಂದು ಲೈನ್ ಸೇರಿಸುವುದುಂಟು. ಅದಕ್ಕಿಂತ ಸಲೀಸಾದದ್ದು ನನಗೆ ಕಂಡಿಲ್ಲ.

ಮೂರನೆಯದು ಇಸಿಮ್. ಸಿಮ್ಮಿನ ಚೂರಿನ ಬದಲು ಫೋನಿನೊಳಗೇ ಬೆಸೆದ ಚಿಪ್ಪು. ಕ್ಯೂಆರ್ ಕೋಡ್ ತೋರಿಸಿದರೆ ಕಂಪನಿಯ ವಿವರ ಅದಕ್ಕೆ ಇಳಿಯುತ್ತದೆ. ಹಳೇ ಸಿಮ್ಮು ಅದರ ಜಾಗದಲ್ಲೇ ಇರುತ್ತದೆ, ಹೊಸದು ಪಕ್ಕಕ್ಕೆ ಬಂದು ಕೂರುತ್ತದೆ. ಆದರೆ ಇಸಿಮ್ ಇಳಿಸಿಕೊಳ್ಳಲಿಕ್ಕೇ ಇಂಟರ್ನೆಟ್ ಬೇಕು, ಆದ್ದರಿಂದ ಆ ಕೆಲಸ ಮನೆಯ ವೈಫೈನಲ್ಲಿ ಮುಗಿಯಬೇಕು, ಪರದೇಶದ ನಿಲ್ದಾಣದಲ್ಲಿ ಅಲ್ಲ. ಇನ್ನೊಂದು ಎಚ್ಚರ: ಪರದೇಶದ ಸಿಮ್ಮನ್ನು ಭಾರತದಲ್ಲಿ ಮಾರುವವರಿಗೆ ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಇರಬೇಕು. ಅದಿಲ್ಲವೆಂದೇ 2024ರ ಜನವರಿಯಲ್ಲಿ ಏರಾಲೋ, ಹೋಲಾಫ್ಲೈ ಎಂಬ ಎರಡು ಹೆಸರುವಾಸಿ ಇಸಿಮ್ ಸೇವೆಗಳ ಆ್ಯಪ್‌ಗಳನ್ನು ಇಲ್ಲಿಯ ಅಂಗಡಿಗಳಿಂದ ತೆಗೆಸಲಾಯಿತು. ಪತ್ರ ಇರುವವರ ಹತ್ತಿರ ಕೊಳ್ಳಿ, ಇಲ್ಲವೇ ಅಲ್ಲಿಗೆ ಹೋಗಿ ಪಾಸ್‌ಪೋರ್ಟ್ ತೋರಿಸಿ ಕೊಳ್ಳಿ.

ಮಗ ಅಮೆರಿಕದಿಂದ ಕಳಿಸಿದ ಐಫೋನ್ ಕೈಯಲ್ಲಿದ್ದರೆ ಅದರ ಪಕ್ಕೆಯನ್ನೊಮ್ಮೆ ಸವರಿ ನೋಡಿ. 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರಿದವುಗಳಿಗೆ ಸಿಮ್ ಹಾಕುವ ತಟ್ಟೆಯೇ ಇಲ್ಲ. ನಮ್ಮ ಸಿಮ್ಮನ್ನು ಇಲ್ಲೇ ಇಸಿಮ್ ಮಾಡಿಸಿಕೊಳ್ಳಬೇಕು. ಹಾಗೆಯೇ ಹಳೇ ಗುಂಡಿ ಫೋನನ್ನು ನಂಬಿಕೊಂಡು ಅಲ್ಲಿಗೆ ಹೋಗಬೇಡಿ. ಅಮೆರಿಕದ ದೊಡ್ಡ ಕಂಪನಿಗಳು ಮೂರೂ 2022ರಲ್ಲಿ ತಮ್ಮ 3ಜಿ ಜಾಲವನ್ನು ಮುಚ್ಚಿಬಿಟ್ಟಿವೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಮದಲೂರಿನ ಒಬ್ಬ ನಿವೃತ್ತ ಮೇಷ್ಟ್ರು ಮಗಳ ಮನೆಗೆ ಹೋದರು ಎಂದುಕೊಳ್ಳಿ. ವಿಮಾನ ನಿಲ್ದಾಣದ ಅಂಗಡಿಯ ಹುಡುಗ ಸಣ್ಣ ಸೂಜಿಯಿಂದ ಚುಚ್ಚಿ, ತಟ್ಟೆ ಎಳೆದು, ಹಳೇ ಸಿಮ್ಮು ತೆಗೆದು, ಹೊಸದು ಕೂರಿಸಿ ಕೊಟ್ಟ. ಹಳೆಯದನ್ನು ಮೇಷ್ಟ್ರು ಬಿಲ್ಲಿನ ಚೀಟಿಯಲ್ಲಿ ಮಡಿಚಿ ಜೇಬಿಗಿಟ್ಟರು. ಮೂರನೇ ದಿನ ಆ ಪ್ಯಾಂಟು ಒಗೆಯುವ ಮಿಷನ್ನಿಗೆ ಹೋಯಿತು. ವಾರ ಕಳೆದು ಪಿಂಚಣಿ ಖಾತೆಯಿಂದ ದುಡ್ಡು ಕಳಿಸಬೇಕಾಯಿತು.

‘ಅಪ್ಪಾ, ಬ್ಯಾಂಕಿನೋರು ಓಟಿಪಿ ಕಳ್ಸವ್ರಂತೆ, ಎಲ್ಲೈತೆ ನಿನ್ನ ಹಳೇ ಸಿಮ್ಮು?’

‘ಜೇಬಲ್ಲಿತ್ತಲ್ಲವ್ವಾ...’

ಆ ಮುಂದಿನ ಮಾತು ಬೇಡ. ಬ್ಯಾಂಕು, ಆಧಾರ್ ಎಲ್ಲ ನಿಮ್ಮನ್ನು ಗುರುತಿಸುವುದು ಆ ಹಳೇ ನಂಬರಿನಿಂದ. ಆದ್ದರಿಂದ ನನ್ನ ಸಲಹೆ ಒಂದೇ: ಊರಿನ ನಂಬರು ಮೆಸೇಜಿಗೆ, ಪರದೇಶದ ನಂಬರು ಡೇಟಾಕ್ಕೆ. ಎರಡು ಸಿಮ್ಮಿನ ಫೋನಿನಲ್ಲಿ ಊರಿನ ಸಿಮ್ಮನ್ನು ತೆಗೆಯಲೇಬೇಡಿ, ಅದರ ಡೇಟಾ ರೋಮಿಂಗ್ ಒಂದನ್ನು ನಿಲ್ಲಿಸಿ. ಎಸ್ಸೆಮ್ಮೆಸ್ಸು ಡೇಟಾದ ದಾರಿಯಲ್ಲಿ ಬರುವಂಥದ್ದಲ್ಲ, ರೋಮಿಂಗ್ ಚಾಲೂ ಇದ್ದರೆ ಅದು ಬಂದೇ ಬರುತ್ತದೆ. ಬಂದ ಎಸ್ಸೆಮ್ಮೆಸ್ಸಿಗೆ ಸಾಮಾನ್ಯವಾಗಿ ದುಡ್ಡಿಲ್ಲ, ಎತ್ತಿದ ಕರೆಗೆ ಉಂಟು. ತೆಗೆಯಲೇಬೇಕಾಗಿ ಬಂದರೆ ಸಿಮ್ಮನ್ನು ಎಲೆಅಡಿಕೆ ಸಂಚಿಯ ಒಳಮಡಿಕೆಗೋ ಕುಂಕುಮದ ಭರಣಿಗೋ ಹಾಕಿಡಿ. ಅವು ಮಿಷನ್ನಿಗೆ ಹೋಗುವುದಿಲ್ಲ.

ಊರಿನ ನಂಬರಿಗೆ ಆಗಾಗ ಮೇವು ಹಾಕುತ್ತಿರಬೇಕು. 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ಇನ್ನೊಂದು ತಿಂಗಳು ಉಳಿಸುವ ಏರ್ಪಾಡೂ ನಿಯಮದಲ್ಲಿದೆ. ಅಮೆರಿಕದಲ್ಲಿ ಪ್ರವಾಸಿ ವೀಸಾದವರಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು, ಅಂದರೆ ಸುಮಾರು 180 ದಿನ. ಲೆಕ್ಕ ನೀವೇ ಹಾಕಿ. ರೀಚಾರ್ಜ್ ಮಾಡುವ ಹೊಣೆಯನ್ನು ಊರಲ್ಲಿರುವ ಅಣ್ಣನ ಮಗನಿಗೋ ಅಳಿಯನಿಗೋ ಹೊರಿಸಿ ಹೊರಡಿ.

ಡೇಟಾ ಸೋರುವ ತೂತುಗಳಲ್ಲಿ ದೊಡ್ಡದು ಕುಟುಂಬದ ವಾಟ್ಸಾಪ್ ಗುಂಪು. ಬೆಳಗಾದರೆ ಹೂವಿನ ಚಿತ್ರದ ಶುಭೋದಯ, ಸಂಜೆಗೆ ಯಾರದೋ ಗೃಹಪ್ರವೇಶದ ವಿಡಿಯೋ. ಎಲ್ಲ ತಾನೇ ಇಳಿಯದಂತೆ ಸೆಟ್ಟಿಂಗಿನಲ್ಲಿ ತಡೆಯಿರಿ. ಫೋಟೋಗಳು ತಾವಾಗಿ ಮೇಲೇರುವುದನ್ನೂ ಆ್ಯಪ್‌ಗಳು ತಾವಾಗಿ ಹೊಸದಾಗುವುದನ್ನೂ ವೈಫೈಗೆ ಮೀಸಲಿಡಿ. ಒಂದು ಗಂಟೆಯ ವಿಡಿಯೋ ಕಾಲು ನೂರಾರು ಎಂಬಿ ನುಂಗುತ್ತದೆ. ಅದೇ ಸುದ್ದಿಯನ್ನು ದನಿ ಮುದ್ರಿಸಿ ಕಳಿಸಿದರೆ ಅದರ ಚೂರುಪಾರೂ ಆಗುವುದಿಲ್ಲ. ವಿಮಾನದೊಳಗೆ ಫೋನು ಏರೋಪ್ಲೇನ್ ಮೋಡಿನಲ್ಲೇ ಇರಲಿ. ಕೆಲವು ವಿಮಾನ, ಹಡಗುಗಳಿಗೆ ಉಪಗ್ರಹದ ಮೂಲಕ ತಮ್ಮದೇ ಜಾಲವಿರುತ್ತದೆ. ಫೋನು ಅದಕ್ಕೆ ತಗುಲಿಕೊಂಡರೆ ಬಿಲ್ಲು ಆಕಾಶದಲ್ಲೇ ಹಾರುತ್ತದೆ.

ಡೇಟಾ ಇಲ್ಲದೆಯೂ ಫೋನು ಪೂರಾ ಕುರುಡಲ್ಲ. ಜಿಪಿಎಸ್ ಬರುವುದು ಉಪಗ್ರಹದಿಂದ, ಅದಕ್ಕೆ ಇಂಟರ್ನೆಟ್ ಬೇಡ. ಹೋಗುವ ಊರಿನ ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಂಡರೆ ನೀಲಿ ಚುಕ್ಕೆ ದಾರಿ ತೋರಿಸುತ್ತಲೇ ಇರುತ್ತದೆ. ಗೂಗಲ್ ಅನುವಾದಕ್ಕೆ ಕನ್ನಡವನ್ನು ಇಂಟರ್ನೆಟ್ ಇಲ್ಲದೆ ಬಳಸುವ ಅನುಕೂಲ 2017ರಲ್ಲೇ ಬಂದಿದೆ. ಅದನ್ನೂ ಇಳಿಸಿಕೊಳ್ಳಿ, ಇಂಗ್ಲಿಷ್ ಬರದ ಅಮ್ಮನಿಗೆ ಆಗುತ್ತದೆ.

ಕೊನೆಗೊಂದು ಹಳೇ ಕಾಲದ ಮಾತು. ಕರ್ನಾಟಕದ ಕಿತ್ತೂರಿನಲ್ಲಿ ದೂರಸಂಪರ್ಕ ಸಂಶೋಧನೆಯ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾದದ್ದು 1986ರಲ್ಲಿ. ಆಗ ಹಳ್ಳಿಯಿಂದ ಪರದೇಶಕ್ಕೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಒಂದು ಒಳ್ಳೇ ಅಭ್ಯಾಸ ಮಾತ್ರ ಆ ಕಾಲದಲ್ಲಿತ್ತು: ಬೇಕಾದ ನಂಬರು ಬಾಯಿಪಾಠವಿರುತ್ತಿತ್ತು, ಇಲ್ಲವೇ ಗೋಡೆಯ ಮೇಲೆ ಬರೆದಿರುತ್ತಿತ್ತು. ಈಗ ಎಲ್ಲ ಫೋನಿನೊಳಗೆ, ಅದೂ ಬರೀ ಹತ್ತು ಅಂಕಿಯಾಗಿ. ಪರದೇಶದಲ್ಲಿ ನಿಂತು ಆ ಹತ್ತಂಕಿ ಒತ್ತಿದರೆ ಊರಿಗೆ ಹೋಗದು. ಹೊರಡುವ ಮುಂಚೆ ಬೇಕಾದವರ ನಂಬರುಗಳ ಮುಂದೆ +91 ಸೇರಿಸಿಡಿ. ಮಗಳ ನಂಬರನ್ನು +1ರ ಸಮೇತ, ಅವಳ ಮನೆಯ ವಿಳಾಸದ ಸಮೇತ, ಒಂದು ಕಾಗದದಲ್ಲಿ ದಪ್ಪಕ್ಷರದಲ್ಲಿ ಬರೆದು ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಿ. ಆ ಚೀಟಿಗೆ ಚಾರ್ಜು ಬೇಡ, ಸಿಗ್ನಲ್ಲೂ ಬೇಡ.