ಒಂದೂವರೆ ಗಂಟೆ ಅಂತರದ ಸಂಸಾರ

2020ರ ಏಪ್ರಿಲ್ 1ರಂದು ಓಮನ್ ಸರ್ಕಾರ ಮಸ್ಕತ್‌ನ ಮತ್ರಾ ವಿಲಾಯತ್‌ಗೆ, ಅಂದರೆ ನಮ್ಮ ತಾಲ್ಲೂಕಿನಂಥ ಆಡಳಿತ ಘಟಕಕ್ಕೆ, ಬೀಗ ಹಾಕಿತು. ಫೆಬ್ರುವರಿ 24ರಂದು ದೇಶದ ಮೊದಲ ಕೋವಿಡ್ ಪ್ರಕರಣಗಳು ಪತ್ತೆಯಾಗಿದ್ದವು. ಮುಂದೆ ಸೋಂಕು ದಟ್ಟವಾಗಿ ಹಬ್ಬಿದ್ದು ಮತ್ರಾದಲ್ಲಿ. ಏಪ್ರಿಲ್ 10ಕ್ಕೆ ಇಡೀ ಮಸ್ಕತ್ ಗವರ್ನರೇಟ್ ಮುಚ್ಚಿತು. ಮೇ 29ರಂದು ಅದು ತೆರೆದಾಗಲೂ ಮತ್ರಾಕ್ಕೆ ಬಿಡುಗಡೆ ಸಿಗಲಿಲ್ಲ.

ಮತ್ರಾ ಎಂದಾಗ ಪ್ರವಾಸಿಗಳಿಗೆ ನೆನಪಾಗುವುದು ಕಡಲದಂಡೆಯ ಕೋರ್ನಿಶ್ ರಸ್ತೆ ಮತ್ತು ಹಳೇ ಸೂಕ್ ಮಾರುಕಟ್ಟೆ. ರುವಿ, ಹಮ್ರಿಯಾ, ದಾರ್ಸೇತ್, ವಾದಿ ಕಬೀರ್ ಕೂಡ ಇದೇ ವಿಲಾಯತ್‌ಗೆ ಸೇರಿದವು. ಕರ್ನಾಟಕದ ಕರಾವಳಿಯಿಂದ ದುಡಿಯಲು ಬಂದವರು ಬಾಡಿಗೆ ಕೋಣೆ ಹುಡುಕುವುದು ಈ ಗಲ್ಲಿಗಳಲ್ಲೇ.

ಕೋಣೆ ಎಂದರೆ ಬ್ಯಾಚುಲರ್ ರೂಮು. ಒಂದರ ಮೇಲೊಂದು ಮಂಚ, ಮಂಚದಡಿ ಸೂಟ್‌ಕೇಸು, ಪಾಳಿಯ ಮೇಲೆ ಅಡುಗೆ. ಅಲ್ಲಿರುವವರಲ್ಲಿ ಬಹಳಷ್ಟು ಮಂದಿ ಊರಿನಲ್ಲಿ ಹೆಂಡತಿ ಮಕ್ಕಳಿರುವ ಗಂಡಸರು. ಒಬ್ಬ ಹಗಲು ದುಡಿದರೆ ಇನ್ನೊಬ್ಬ ರಾತ್ರಿ ದುಡಿಯುತ್ತಾನೆ, ಹಾಗಾಗಿ ಆ ಕೋಣೆ ಸಾಲುತ್ತದೆ. ಅಂಗಡಿ, ಹೋಟೆಲು, ವರ್ಕ್‌ಶಾಪು ಮುಚ್ಚಿ ಎಲ್ಲರೂ ಒಟ್ಟಿಗೆ ಒಳಗೆ ಉಳಿದಾಗ ಸಾಲಲಿಲ್ಲ. ಅಂತರ ಕಾಯ್ದುಕೊಳ್ಳಿ ಎಂಬ ಸೂಚನೆ ಮೊಬೈಲಿಗೆ ಬರುತ್ತಿತ್ತು, ಕಾಯುವುದಕ್ಕೆ ಜಾಗವೆಲ್ಲಿ? ವೀಸಾ ಕಾಗದ ಸರಿಯಿದ್ದರೂ ಇಲ್ಲದಿದ್ದರೂ ವಲಸಿಗರಿಗೆ ಪರೀಕ್ಷೆ, ಚಿಕಿತ್ಸೆ ಉಚಿತ ಎಂದು ಆಗ ಓಮನ್ ಸರ್ಕಾರ ಹೇಳಿದ್ದನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಕಾಗದವಿಲ್ಲದ ಭಯಕ್ಕೆ ಜ್ವರ ಮುಚ್ಚಿಟ್ಟುಕೊಂಡವನ ಪಕ್ಕದ ಮಂಚದಲ್ಲಿ ಇನ್ನೊಬ್ಬರ ಅಪ್ಪ ಮಲಗಿರುತ್ತಾನೆ.

ಓಮನ್ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಈ ಕೋಣೆಗಳ ದಿನಚರಿಯನ್ನು ನಡೆಸಿದ್ದು ಊರಿನ ಗಡಿಯಾರ. ಅಲ್ಲಿ ಮಕ್ಕಳು ಏಳು ಗಂಟೆಗೆ ಎದ್ದರೆ ಇಲ್ಲಿ ಐದೂವರೆ. ಅಲ್ಲಿ ಒಂಬತ್ತಕ್ಕೆ ಮಲಗುವ ಹೊತ್ತಿಗೆ ಇಲ್ಲಿ ಆಗಷ್ಟೇ ಏಳೂವರೆ. ಮೊದಲಾದರೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಮಕ್ಕಳಿಗೆ ನಿದ್ದೆ ಹತ್ತಿರುತ್ತಿತ್ತು. ಈಗ ಅಪ್ಪ ದಿನವಿಡೀ ಸಿಗುತ್ತಿದ್ದ. ಕರ್ನಾಟಕದಲ್ಲಿ ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಹೋಯಿತು. ಆ ಮೂರು ತಿಂಗಳು ಮಗಳು ಓದಿದಳೋ ಇಲ್ಲವೋ ಎಂದು ಮಂಚದ ಮೇಲಿಂದಲೇ ವಿಚಾರಿಸಿದ ಅಪ್ಪಂದಿರಿದ್ದಾರೆ. ಹೆಂಡತಿಯ ಜೊತೆ ಗುಟ್ಟಿನ ಮಾತಾಡಬೇಕಿದ್ದರೆ ಮಾತ್ರ ಮೆಟ್ಟಿಲ ಮೇಲೆ ಹೋಗಿ ನಿಲ್ಲಬೇಕಿತ್ತು. ಸಂಬಳ ಬಂತಾ ಎಂಬ ಪ್ರಶ್ನೆಗೆ ಉತ್ತರ ಕೊಡುವುದೂ ಆ ಮೆಟ್ಟಿಲ ಮೇಲೆಯೇ.

ಸಂಸಾರವನ್ನು ಜೊತೆಗೆ ಕರೆತಂದವರ ಫ್ಲ್ಯಾಟುಗಳಲ್ಲಿ ಕಷ್ಟದ ಬಗೆ ಬೇರೆ. ಏಪ್ರಿಲ್‌ನಲ್ಲಿ ಭಾರತೀಯ ಶಾಲೆಗಳ ಹೊಸ ತರಗತಿ ಆನ್‌ಲೈನ್‌ನಲ್ಲೇ ಶುರುವಾಯಿತು. ಇಬ್ಬರು ಮಕ್ಕಳಿಗೆ ಒಂದು ಫೋನು, ಅದೂ ಅಪ್ಪನದು. ಬಿಸಿಲು ನಲವತ್ತು ಡಿಗ್ರಿ ದಾಟಿದ ಮೇಲೆ ಕರೆಂಟು ಬಿಲ್ಲಿಗೆ ಹೆದರಿ ಒಂದೇ ಕೋಣೆಯ ಏಸಿ ಹಾಕಿ, ಪಾಠ, ಆಫೀಸು, ಜಗಳ, ನಿದ್ದೆ ಎಲ್ಲವನ್ನೂ ಅಲ್ಲೇ ನಡೆಸಬೇಕಿತ್ತು. ಹೊರಗೆ ದುಡಿದು ಬರುತ್ತಿದ್ದವನಿಗೆ ಆಗ ಮನೆಗೆಲಸ ಕಣ್ಣಿಗೆ ಬಿತ್ತು. ಕೈಗೂ ಬಂತು ಎನ್ನುವ ಮನೆಗಳು ಕಡಿಮೆ. ಮೂರು ಹೊತ್ತಿನ ಜೊತೆ ಸಂಜೆಯ ತಿಂಡಿಯೂ ಸೇರಿ ಅಡುಗೆಮನೆಯ ಬೆಂಕಿ ಆರುತ್ತಲೇ ಇರಲಿಲ್ಲ. ಎಲ್ಲರೂ ಮನೆಯಲ್ಲಿರುವುದೇ ಚೆಂದ ಎಂದು ಆಗ ಬರೆದವರಲ್ಲಿ ಎಷ್ಟು ಮಂದಿ ಪಾತ್ರೆ ತೊಳೆದಿದ್ದರು ಎಂದು ಕೇಳಬೇಕೆನಿಸುತ್ತದೆ. ಆದರೂ ಹಾಗೆ ಸಂಸಾರದ ಜೊತೆಗಿರುವುದೇ ಒಂದು ಭಾಗ್ಯವೆಂದು ತಿಳಿದವರು ಪಕ್ಕದ ಗಲ್ಲಿಯ ಬ್ಯಾಚುಲರ್ ರೂಮಿನವರು.

ಮೇ ತಿಂಗಳಲ್ಲಿ, ಹೊರದೇಶದಲ್ಲಿ ಸಿಲುಕಿದ ಭಾರತೀಯರನ್ನು ಊರಿಗೆ ಕರೆತರುವ ವಂದೇ ಭಾರತ್ ವಿಮಾನಗಳು ಹಾರಿದವು. ಮಸ್ಕತ್‌ನಿಂದ ಕೊಚ್ಚಿಗೆ ಮೊದಲು, ಮಂಗಳೂರಿಗೆ ಆಮೇಲೆ. ಗರ್ಭಿಣಿಯರಿಗೆ, ಕಾಯಿಲೆಯವರಿಗೆ, ಕೆಲಸ ಕಳೆದುಕೊಂಡವರಿಗೆ ಆದ್ಯತೆ. ಊರಿಗೆ ಮುಟ್ಟಿದ ಮೇಲೂ ಕ್ವಾರಂಟೈನ್ ಮುಗಿಸದೆ ಮನೆಯ ಮೆಟ್ಟಿಲು ಹತ್ತುವಂತಿರಲಿಲ್ಲ.

ಜೂನ್‌ನಲ್ಲಿ ಮತ್ರಾ ಭಾಗ ಭಾಗವಾಗಿ ತೆರೆಯತೊಡಗಿತು. ಅಷ್ಟರಲ್ಲಿ ಅನೇಕರ ಸಂಬಳಕ್ಕೆ ಕತ್ತರಿ ಬಿದ್ದಿತ್ತು. ಬಾಡಿಗೆ, ಶಾಲೆ ಫೀಸು, ದಿನಸಿ ಮೂರನ್ನೂ ಅದರಲ್ಲಿ ತೂಗಿಸಲಾಗದವರು ಹೆಂಡತಿ ಮಕ್ಕಳನ್ನು ವಿಮಾನ ಹತ್ತಿಸಿ, ಫ್ಲ್ಯಾಟು ಬಿಟ್ಟುಕೊಟ್ಟು, ಸೂಟ್‌ಕೇಸು ಹಿಡಿದು ಬ್ಯಾಚುಲರ್ ರೂಮಿಗೆ ಹೋದರು.