ವಯಸ್ಕರು ದಂತ ವೈದ್ಯರನ್ನು ಎಷ್ಟು ತಿಂಗಳಿಗೊಮ್ಮೆ ಕಾಣಬೇಕು?

ಗ್ರಾಮೀಣ ಪ್ರದೇಶದಲ್ಲಿ ದಂತ ವೈದ್ಯರ ಭೇಟಿ ಎಂದರೆ ಬಹುಮಟ್ಟಿಗೆ ಹಲ್ಲು ಕೀಳಿಸುವುದು ಎಂದೇ ಅರ್ಥ. ಮೊದಲು ಲವಂಗದ ಎಣ್ಣೆ, ಅನಂತರ ಅಂಗಡಿಯ ಮಾತ್ರೆ, ಅದೂ ಫಲಿಸದಿದ್ದಾಗ ತಾಲ್ಲೂಕು ಆಸ್ಪತ್ರೆ ಎಂಬ ಕ್ರಮ ರೂಢಿಯಲ್ಲಿದೆ. ಈ ಕ್ರಮದಲ್ಲಿ ಹಲ್ಲು ಉಳಿಯುವುದು ಅಪರೂಪ. ಹುಳುಕು ಹಲ್ಲಿನ ಹೊರಪದರದಲ್ಲಿರುವಾಗ ನೋವಿರುವುದಿಲ್ಲ. ತಡೆಯಲಾರದ ನೋವು ಬರುವ ವೇಳೆಗೆ ಅದು ಒಳಗಿನ ನರದ ಬಳಿಗೆ ಇಳಿದಿರುತ್ತದೆ. ಒಂದೇ ಭೇಟಿಯಲ್ಲಿ ತುಂಬಿಸಿ ಮುಗಿಸಬಹುದಾಗಿದ್ದ ರಂಧ್ರಕ್ಕೆ ಆಗ ಬೇರುನಾಳ ಚಿಕಿತ್ಸೆ ಬೇಕಾಗುತ್ತದೆ, ಇಲ್ಲವೇ ಹಲ್ಲನ್ನೇ ತೆಗೆಯಬೇಕಾಗುತ್ತದೆ. ವಸಡಿನ ರೋಗವಂತೂ ಹೆಚ್ಚು ನೋವಿಲ್ಲದೆಯೇ ಆಧಾರದ ಮೂಳೆಯನ್ನು ಕರಗಿಸಿ, ಹುಳುಕಿಲ್ಲದ ಹಲ್ಲನ್ನೂ ಸಡಿಲಗೊಳಿಸುತ್ತದೆ. ಆದುದರಿಂದ ನೋವಿಗಾಗಿ ಕಾಯದೆ ತಪಾಸಣೆ ಮಾಡಿಸಿಕೊಳ್ಳಬೇಕೆಂಬುದರಲ್ಲಿ ಸಂದೇಹವಿಲ್ಲ. ಎಷ್ಟು ಅವಧಿಗೊಮ್ಮೆ ಎಂಬುದೇ ಪ್ರಶ್ನೆ.

ಆರು ತಿಂಗಳಿಗೊಮ್ಮೆ ಎಂಬ ಮಾತು ಎಲ್ಲೆಡೆ ಪ್ರಚಲಿತವಾಗಿದೆ. ಆದರೆ ಅದು ಎಲ್ಲರಿಗೂ ಒಪ್ಪುವ ನಿಯಮವಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯು 2004ರಲ್ಲಿಯೇ ಈ ಏಕರೂಪದ ಅವಧಿಯನ್ನು ಕೈಬಿಟ್ಟು, ವಯಸ್ಕರಿಗೆ ಅವರವರ ಅಪಾಯದ ಪ್ರಮಾಣವನ್ನು ನೋಡಿ 3 ತಿಂಗಳಿನಿಂದ 24 ತಿಂಗಳವರೆಗಿನ ಅಂತರವನ್ನು ವೈದ್ಯರೇ ನಿಗದಿಪಡಿಸಬೇಕೆಂದು ತಿಳಿಸಿತು. ಅಲ್ಲಿನ 51 ದಂತ ಚಿಕಿತ್ಸಾಲಯಗಳ 2,372 ವಯಸ್ಕರನ್ನು ನಾಲ್ಕು ವರ್ಷಗಳ ಕಾಲ ಗಮನಿಸಿದ ಅಧ್ಯಯನದಲ್ಲಿಯೂ, ಆರು ತಿಂಗಳಿಗೊಮ್ಮೆ ಬಂದವರಿಗೂ ಅಪಾಯಕ್ಕನುಗುಣವಾದ ಅಂತರದಲ್ಲಿ ಬಂದವರಿಗೂ ಬಾಯಿಯ ಆರೋಗ್ಯದಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಇದನ್ನು ಓದಿ ನಿಶ್ಚಿಂತರಾಗುವುದು ತಪ್ಪು. ಅವರು ಮೊದಲಿನಿಂದಲೂ ನಿಯಮಿತವಾಗಿ ವೈದ್ಯರನ್ನು ಕಾಣುತ್ತಿದ್ದವರು. ಒಮ್ಮೆಯೂ ತಪಾಸಣೆಗೆ ಹೋಗದ ನಲವತ್ತರ ಕೃಷಿಕನಿಗೆ ಆ ಫಲಿತಾಂಶ ಅನ್ವಯಿಸದು.

ನಮ್ಮ ಗ್ರಾಮಗಳಿಗೆ ಹೊಂದುವಂತೆ ಹೇಳುವುದಾದರೆ, ಹಲ್ಲು ಮತ್ತು ವಸಡು ಚೆನ್ನಾಗಿರುವ ವಯಸ್ಕರು ವರ್ಷಕ್ಕೊಮ್ಮೆ ತೋರಿಸಿಕೊಂಡರೆ ಸಾಕು. ಮಧುಮೇಹವಿರುವವರ ವಿಷಯ ಬೇರೆ. ಸಕ್ಕರೆಯ ಅಂಶ ಹತೋಟಿಯಲ್ಲಿಲ್ಲದಿದ್ದರೆ ವಸಡಿನ ರೋಗ ಉಲ್ಬಣಿಸುತ್ತದೆ. ವಸಡು ಕೆಟ್ಟರೆ ಸಕ್ಕರೆಯನ್ನು ಹತೋಟಿಗೆ ತರುವುದೂ ಕಷ್ಟವಾಗುತ್ತದೆ. ಇಂತಹವರಿಗೂ, ಹಲ್ಲುಜ್ಜುವಾಗ ರಕ್ತ ಒಸರುವವರಿಗೂ, ಪದೇ ಪದೇ ಹುಳುಕಾಗುವವರಿಗೂ ಮೂರರಿಂದ ಆರು ತಿಂಗಳ ಅಂತರ ಉಚಿತ. ಗರ್ಭಿಣಿಯರು ಹಲ್ಲಿನ ಚಿಕಿತ್ಸೆಯನ್ನು ಹೆರಿಗೆಯವರೆಗೆ ಮುಂದೂಡಬೇಕೆಂಬುದು ತಪ್ಪು ನಂಬಿಕೆ. ನಾಲ್ಕನೆಯ ತಿಂಗಳಿನಿಂದ ಆರನೆಯ ತಿಂಗಳವರೆಗಿನ ಅವಧಿ ಅದಕ್ಕೆ ಹೆಚ್ಚು ಅನುಕೂಲಕರ.

ತಂಬಾಕು, ಗುಟ್ಕಾ, ಕಡ್ಡಿಪುಡಿ ಬಳಸುವವರನ್ನು ಕುರಿತು ವಿಶೇಷವಾಗಿ ಹೇಳಬೇಕಾಗಿದೆ. ಇವರ ತಪಾಸಣೆ ಹಲ್ಲಿಗಿಂತ ಹೆಚ್ಚಾಗಿ ಬಾಯಿಯ ಒಳಪದರದ ಸಲುವಾಗಿ. ತಂಬಾಕು ಸೇರದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಅಡಿಕೆಯೇ ಜೀವನಾಧಾರವಾಗಿರುವ ಊರುಗಳಲ್ಲಿ ಇದು ಹೇಳಲು ಸುಲಭದ ಮಾತಲ್ಲ. ಆದರೂ ಹೇಳದೆ ಬಿಡುವಂತಿಲ್ಲ. ಬಾಯಿ ಮೊದಲಿನಂತೆ ಅಗಲವಾಗಿ ತೆರೆಯದಿರುವುದು, ಖಾರ ತಿಂದರೆ ಉರಿಯುವುದು, ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಇವುಗಳಲ್ಲಿ ಯಾವುದೊಂದು ಕಂಡರೂ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯಕೂಡದು, ಆ ವಾರದಲ್ಲಿಯೇ ತೋರಿಸಬೇಕು. ಆರಂಭದ ಹಂತದಲ್ಲಿ ಪತ್ತೆಯಾದ ಬಾಯಿ ಕ್ಯಾನ್ಸರಿನಲ್ಲಿ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ತಡವಾದರೆ ದವಡೆಯನ್ನೇ ತೆಗೆಯಬೇಕಾಗಬಹುದು.

ಈ ಪತ್ತೆಕಾರ್ಯಕ್ಕೆ ವ್ಯವಸ್ಥೆ ಈಗಾಗಲೇ ಇದೆ. ಅಸಾಂಕ್ರಾಮಿಕ ರೋಗಗಳ ತಪಾಸಣಾ ಕಾರ್ಯಕ್ರಮದಡಿ 30 ವರ್ಷ ಮೀರಿದವರಿಗೆ ಐದು ವರ್ಷಕ್ಕೊಮ್ಮೆ ಬಾಯಿಯ ಕ್ಯಾನ್ಸರ್ ತಪಾಸಣೆ ನಡೆಸುವ ನಿಯಮವಿದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ತುಂಬುವ ನಮೂನೆಯಲ್ಲಿ ಬಾಯಿಯ ಹುಣ್ಣು, ಮಚ್ಚೆ ಮತ್ತು ಬಾಯಿ ತೆರೆಯುವಿಕೆಯ ಪ್ರಶ್ನೆಗಳಿವೆ. ಬಹಳಷ್ಟು ಮನೆಗಳಲ್ಲಿ ಗಂಡಸರು ಆ ಹೊತ್ತಿನಲ್ಲಿ ಹೊಲದಲ್ಲಿರುವುದರಿಂದ ಉತ್ತರ ಹೇಳುವವರು ಬೇರೆಯವರಾಗಿರುತ್ತಾರೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಸಭೆಯಲ್ಲಿ ಸದಸ್ಯರು ವಿಚಾರಿಸಬೇಕಾದದ್ದು ಇದನ್ನೇ: ತಮ್ಮ ವಾರ್ಡಿನಲ್ಲಿ ತಂಬಾಕು ಬಳಸುವವರ ಬಾಯಿಯನ್ನು ಯಾರಾದರೂ ನಿಜವಾಗಿ ನೋಡಿದ್ದಾರೆಯೇ? ಸಂಜೆಯ ವೇಳೆ, ಹಾಲಿನ ಡೇರಿಯ ಬಳಿ ಒಂದು ತಪಾಸಣೆ ಏರ್ಪಡಿಸಿದರೆ ಹಗಲಿನ ಶಿಬಿರಕ್ಕೆ ಬಾರದವರೂ ಸಿಗುತ್ತಾರೆ.

ಹಲ್ಲಿನ ಮೇಲಿನ ಕಂದು ಕಲೆಗಳ ವಿಷಯ ಇದರಿಂದ ಭಿನ್ನ. ಒಂದು ಊರಿನ ಹಲವು ಮಕ್ಕಳಲ್ಲಿ ಅಂತಹ ಕಲೆ ಒಟ್ಟಾಗಿ ಕಂಡರೆ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಬೇಕು, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಇದ್ದರೆ ಆ ನೀರನ್ನು ಕುಡಿಯಲು ಪೂರೈಸುವಂತಿಲ್ಲ.

ಹಲ್ಲುಗಳನ್ನು ಕಳೆದುಕೊಂಡ, ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ಕೃತಕ ದಂತಪಂಕ್ತಿ ಒದಗಿಸುವ ಉದ್ದೇಶದಿಂದ ರಾಜ್ಯದಲ್ಲಿ ದಂತ ಭಾಗ್ಯ ಯೋಜನೆ ರೂಪುಗೊಂಡಿದೆ. ಅರ್ಹತೆ ಮತ್ತು ಬೇಕಾದ ದಾಖಲೆಗಳ ವಿವರವನ್ನು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ, ಗ್ರಾಮಸಭೆಯಲ್ಲಿ ಓದಿ ಹೇಳಬಹುದು.